ಮೂರು ಲಕ್ಷದ ಕ್ಯಾಮೆರಾ, ಈಗ 38 ಸಾವಿರ: ಕೊಡಲಾ, ಇಟ್ಟುಕೊಳ್ಳಲಾ?

ಭದ್ರಾ ತೀರ, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ. ಬಿಡುವು ಮಾಡಿಕೊಂಡು ಓದಿ.

2012ರ ಕೊನೆಯಲ್ಲಿ ನಿಕಾನ್ ಡಿ4 ತಗೊಂಡೆ. ಹೊಸದು, ಲೆನ್ಸ್ ಇಲ್ಲದೆ ಬಾಡಿ ಮಾತ್ರ, ಮೂರು ಲಕ್ಷದ ಮೇಲೆ. ಅಡಿಕೆಗೆ ಒಳ್ಳೆ ದರ ಸಿಕ್ಕ ವರ್ಷ ಅದು. ಆದರೂ ಅಪ್ಪ ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ. ಮೂರನೇ ದಿನ ಕ್ಯಾಮೆರಾ ಕೈಗೆತ್ತಿಕೊಂಡು ತೂಕ ನೋಡಿದರು. "ಇದು ಎಷ್ಟು ವರ್ಷ ಬರುತ್ತೋ?" ಅಂತ ಕೇಳಿದರು. ಅವರ ಹತ್ತಿರ ರೀಲು ಹಾಕುವ ಎಫ್‌ಎಂ2 ಇದೆ, ನಾನು ಹುಟ್ಟುವ ಮುಂಚಿನದು. ಅದರ ಲೆಕ್ಕದಲ್ಲಿ ಕೇಳಿದ್ದು. ನಾನು "ಇಪ್ಪತ್ತು ವರ್ಷ" ಅಂದೆ.

ಒಂದೂವರೆ ವರ್ಷ ಆಗುವ ಹೊತ್ತಿಗೆ, 2014ರಲ್ಲಿ, ಡಿ4ಎಸ್ ಬಂತು. ನನ್ನದು ಹಳೇ ಮಾಡೆಲ್ ಆಯಿತು. ಆಮೇಲೆ 2016ರಲ್ಲಿ ಡಿ5, 2020ರಲ್ಲಿ ಡಿ6. ಈಗ ಎಲ್ಲರ ಕೈಯಲ್ಲೂ ಕನ್ನಡಿ ಇಲ್ಲದ ಮಿರರ್‌ಲೆಸ್ ಇದೆ.

ಹೋದ ವಾರ ಒಂದು ಅಂಗಡಿಯಲ್ಲಿ ಎಕ್ಸ್‌ಚೇಂಜ್ ಕೇಳಿದೆ. ಶಟರ್ ಕೌಂಟ್, ಅಂದರೆ ಇಲ್ಲಿವರೆಗೆ ಹೊಡೆದ ಫೋಟೋ ಲೆಕ್ಕ, 2,61,000. ಹಿಡಿಕೆಯ ರಬ್ಬರು ಸ್ವಲ್ಪ ಎದ್ದಿದೆ. ಅದು ಬಿಟ್ಟರೆ ಏನೂ ತೊಂದರೆ ಇಲ್ಲ. 38 ಸಾವಿರ ಅಂದರು. "ಈ ಮಾಡೆಲ್ ನಿಂತು ಎಷ್ಟೋ ವರ್ಷ ಆಯ್ತು ಸರ್, ಪಾರ್ಟ್ಸ್ ಸಿಗಲ್ಲ, ಮುಂದಿನ ವರ್ಷ ಇಷ್ಟೂ ಬರಲ್ಲ" ಅಂದರು.

ಈ ವರ್ಷವೂ ಭದ್ರಾ ಹಿನ್ನೀರಿನ ನಡುಗಡ್ಡೆಯ ರಿವರ್ ಟರ್ನ್ ಹಕ್ಕಿಗಳನ್ನು ಇದರಲ್ಲೇ ತೆಗೆದಿದ್ದೇನೆ. ದೋಣಿ ಅಲ್ಲಾಡುತ್ತಿರುತ್ತದೆ, ಹಕ್ಕಿ ಬಾಯಲ್ಲಿ ಮೀನು ಕಚ್ಚಿಕೊಂಡು ಸುಯ್ಯೆಂದು ಬರುತ್ತದೆ. ಹತ್ತರಲ್ಲಿ ಏಳು ಫೋಟೋ ಶಾರ್ಪ್. ಹೊಸತರಲ್ಲಿ ಹೇಗೆ ಫೋಕಸ್ ಹಿಡಿಯುತ್ತಿತ್ತೋ ಇವತ್ತೂ ಹಾಗೇ ಹಿಡಿಯುತ್ತದೆ.

ಕೇಳಬೇಕಾಗಿರುವುದು ಇಷ್ಟೇ. ಕಂಪನಿ ಮಾಡುವುದು ನಿಲ್ಲಿಸಿದ ಮೇಲೆ ಇಂಥ ದುಬಾರಿ ಕ್ಯಾಮೆರಾದ ಬೆಲೆ ಎಲ್ಲಿಗೆ ಹೋಗಿ ನಿಲ್ಲುತ್ತದೆ? ಯಾವುದಾದರೂ ಒಂದು ಹಂತದಲ್ಲಿ ಇಳಿಯುವುದು ನಿಲ್ಲುತ್ತದಾ? ಈಗಲೇ ಕೊಟ್ಟುಬಿಡಬೇಕಾ?

ಸ್ಟುಡಿಯೋ ಮೂಲೆ, ಹಾಸನ

ಭದ್ರಾ ಸರ್, ನಿಮ್ಮ ಬೇಜಾರು ಅರ್ಥ ಆಗುತ್ತದೆ. ಆದರೆ ನಾನು ಕ್ಯಾಮೆರಾವನ್ನು ಟ್ರ್ಯಾಕ್ಟರ್ ಥರ ನೋಡುವವನು. ನನ್ನ ಲೆಕ್ಕ ಹೇಳುತ್ತೇನೆ.

2013ರಲ್ಲಿ ಕ್ಯಾನನ್ 5ಡಿ ಮಾರ್ಕ್ 3 ತಗೊಂಡೆ. ಹತ್ತಿರ ಹತ್ತಿರ ಎರಡು ಲಕ್ಷ ಬಿತ್ತು. ಆರು ವರ್ಷ ದುಡಿಸಿದೆ. ಆಷಾಢ, ಪಿತೃಪಕ್ಷ, ಧನುರ್ಮಾಸ ಕಳೆದು ವರ್ಷಕ್ಕೆ 40 ಮದುವೆ ಅಂತ ಇಟ್ಟುಕೊಳ್ಳಿ. ಒಟ್ಟು 240. ಕೊನೆಗೆ 45 ಸಾವಿರಕ್ಕೆ ಕೊಟ್ಟೆ. ಅಂದರೆ ಕಳೆದುಕೊಂಡಿದ್ದು 1,55,000. ಮದುವೆಗೆ 650 ರೂಪಾಯಿ ಕೂಡ ಬೀಳಲಿಲ್ಲ. ಲೈಟ್ ಹಿಡಿಯುವ ಹುಡುಗನಿಗೆ ಅದಕ್ಕಿಂತ ಜಾಸ್ತಿ ಕೊಡುತ್ತೇವೆ ಅಲ್ವಾ?

ಇನ್ನೊಂದು ವಿಷಯ. ನಮ್ಮ ಆಡಿಟರು ತೆರಿಗೆ ಲೆಕ್ಕದಲ್ಲಿ ಕ್ಯಾಮೆರಾವನ್ನು ಯಂತ್ರ ಅಂತ ಹಾಕಿ ವರ್ಷಕ್ಕೆ ಶೇ. 15 ಸವಕಳಿ ಹಿಡಿಯುತ್ತಾರೆ. ಆ ಲೆಕ್ಕದಲ್ಲಿ ಆರು ವರ್ಷಕ್ಕೆ ಎರಡು ಲಕ್ಷದ್ದು 75 ಸಾವಿರಕ್ಕೆ ಬಂದು ನಿಂತಿತ್ತು. ಮಾರುಕಟ್ಟೆಯಲ್ಲಿ 45. ಪುಸ್ತಕಕ್ಕಿಂತ ಮಾರುಕಟ್ಟೆ ಬೇಗ ಇಳಿಯುತ್ತದೆ. ಅದರಲ್ಲೂ ಮೊದಲ ಎರಡು ವರ್ಷ ಬಂಡೆ ಉರುಳಿದ ಹಾಗೆ. ಆಮೇಲೆ ನಿಧಾನ.

ನೀವು ಮೂರು ಲಕ್ಷ ಕಳಕೊಂಡಿಲ್ಲ. ಇಷ್ಟು ವರ್ಷ ಬಳಸಿದ್ದೀರಿ.

ಕಪ್ಪೆಚಿಪ್ಪು, ಉಡುಪಿ

ಸ್ಟುಡಿಯೋ ಅಣ್ಣ ಹೇಳಿದ್ದು ದುಡಿಯುವವರಿಗೆ ಸರಿ. ನನ್ನ ಹಾಗೆ ಹವ್ಯಾಸಕ್ಕೆ ತಗೊಂಡವರು ಯಾವ ಮದುವೆ ಮೇಲೆ ಹಾಕಬೇಕು?

ಕರಾವಳಿಯಲ್ಲಿ ಇರುವವರಿಗೆ ಒಂದು ಮಾತು. ಇಲ್ಲಿ ಕ್ಯಾಮೆರಾ ಹಾಳಾಗುವುದು ಬಳಸಿ ಅಲ್ಲ, ಬಳಸದೆ. ನನ್ನ ಹಳೇ ಕ್ಯಾಮೆರಾ ಒಂದು ಮಳೆಗಾಲ ಪೂರ್ತಿ ಕಪಾಟಿನಲ್ಲಿತ್ತು. ಚರ್ಮದ ಬ್ಯಾಗಿನಲ್ಲಿ ಬೆಚ್ಚಗೆ ಇಟ್ಟಿದ್ದೆ. ನವರಾತ್ರಿಗೆ ತೆಗೆದು ಲೆನ್ಸನ್ನು ಬೆಳಕಿಗೆ ಹಿಡಿದು ನೋಡಿದರೆ ಒಳಗಡೆ ಬೂಸ್ಟು. ಜೇಡರ ಬಲೆಯ ಹಾಗೆ ಅಂಚಿನಿಂದ ನಡುವಿಗೆ ಹಬ್ಬಿತ್ತು. ವ್ಯೂಫೈಂಡರಿನ ಗಾಜಿಗೂ ಹಿಡಿದಿತ್ತು. ಚರ್ಮದ ಬ್ಯಾಗು ತೇವ ಹೀರಿಕೊಂಡು ಒಳಗೇ ಇಟ್ಟುಕೊಳ್ಳುತ್ತದೆ ಅಂತ ಆಮೇಲೆ ಗೊತ್ತಾಯಿತು.

ಈಗ ಗಾಳಿ ಆಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್, 500 ರೂಪಾಯಿಯ ಒಂದು ತೇವದ ಮೀಟರ್. ಶೇ. 45ರ ಆಸುಪಾಸು ಇರುವ ಹಾಗೆ ನೋಡಿಕೊಳ್ಳುತ್ತೇನೆ. ಸಿಲಿಕಾ ಬಣ್ಣ ಬದಲಾದರೆ ಬಾಣಲೆಗೆ ಹಾಕಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ ಮತ್ತೆ ಇಡುತ್ತೇನೆ. ಆ ಬಾಣಲೆ ಅಡುಗೆಗೆ ಬಳಸಬೇಡಿ.

ಸೆಕೆಂಡ್‌ಹ್ಯಾಂಡ್ ತಗೊಳ್ಳುವವರು ಶಟರ್ ಕೌಂಟ್ ಕೇಳುತ್ತಾರೆ. ಎಲ್ಲಿ ಇಟ್ಟಿದ್ದಿರಿ ಅಂತ ಯಾರೂ ಕೇಳುವುದಿಲ್ಲ.

ರಿಪೇರಿ ಮೇಜು, ಬೆಂಗಳೂರು

ಇಪ್ಪತ್ತು ವರ್ಷದಿಂದ ಕ್ಯಾಮೆರಾ ಬಿಚ್ಚುತ್ತಿದ್ದೇನೆ. ಭದ್ರಾ ಸರ್ ಕೇಳಿದ ಪ್ರಶ್ನೆ ವಾರಕ್ಕೊಮ್ಮೆಯಾದರೂ ನನ್ನ ಮೇಜಿಗೆ ಬರುತ್ತದೆ.

ಮೊದಲು ಶಟರ್ ಕೌಂಟ್ ವಿಷಯ. ಡಿ4 ಶಟರನ್ನು 4 ಲಕ್ಷ ಸಲ ಹೊಡೆದು ಪರೀಕ್ಷೆ ಮಾಡಿದ್ದೇವೆ ಅಂತ ಕಂಪನಿ ಹೇಳಿತ್ತು. ಅದು ಔಷಧಿ ಬಾಟಲಿ ಮೇಲಿನ ಕೊನೆ ದಿನಾಂಕ ಅಲ್ಲ. ಗಾಡಿಯ ಕಿಲೋಮೀಟರ್ ಇದ್ದ ಹಾಗೆ. ಒಂದೂವರೆ ಲಕ್ಷಕ್ಕೇ ಬ್ಲೇಡ್ ಮುರಿದಿದ್ದು ನೋಡಿದ್ದೇನೆ. ಆರು ಲಕ್ಷ ದಾಟಿ ಓಡುತ್ತಿರುವುದನ್ನೂ ನೋಡಿದ್ದೇನೆ. ನಿಮ್ಮ 2,61,000 ಈ ಬಾಡಿಯ ಮಟ್ಟಿಗೆ ನಡುವಯಸ್ಸು.

ರಬ್ಬರು ಏಳುವುದು ಸಾಮಾನ್ಯ. ಕೈ ಬೆವರು, ಎಣ್ಣೆ, ನಮ್ಮ ಹವೆ. ರಬ್ಬರು ಹಿಗ್ಗುತ್ತದೆ, ಅಡಿಯ ಅಂಟು ಬಿಡುತ್ತದೆ. ಹಿಗ್ಗಿದ ರಬ್ಬರನ್ನು ಮತ್ತೆ ಅಂಟಿಸಬೇಡಿ, ಹದಿನೈದು ದಿನದಲ್ಲಿ ಮತ್ತೆ ಏಳುತ್ತದೆ. ಫೆವಿಕ್ವಿಕ್ ಅಂತೂ ಬೇಡವೇ ಬೇಡ, ಅದರ ಹಬೆ ಬಿಳಿ ಪದರ ಆಗಿ ಕೂರುತ್ತದೆ. ಹೊಸ ರಬ್ಬರು ಹಾಕಿಸಿ.

ಕ್ಯಾಮೆರಾ ಸಾಯುವುದು ಬೇರೆ ಕಡೆಯಿಂದ. ಡಿ4ರಲ್ಲಿ ಫೋಟೋ ಉಳಿಸುವ ಮೆಮೊರಿ ಕಾರ್ಡಿನ ಎರಡು ಜಾಗ ಇದೆ. ಒಂದು ಸಿಎಫ್, ಒಂದು ಎಕ್ಸ್‌ಕ್ಯೂಡಿ. ಸಿಎಫ್ ಜಾಗದ ಒಳಗೆ 50 ಪಿನ್, ಸೂಜಿಗಿಂತ ಸಣ್ಣ. ಕಾರ್ಡನ್ನು ಸ್ವಲ್ಪ ಓರೆ ತಳ್ಳಿದರೂ ಒಂದು ಪಿನ್ ಬಾಗುತ್ತದೆ. ಅದು ಗೊತ್ತಾಗದೆ ಇನ್ನೂ ಜೋರಾಗಿ ತಳ್ಳುತ್ತಾರೆ. ಹೋದ ತಿಂಗಳು ಒಬ್ಬರು ತಂದಿದ್ದರು. ಟಾರ್ಚ್ ಬಿಟ್ಟು ಭೂತಗನ್ನಡಿಯಲ್ಲಿ ನೋಡಿದೆ. ಮೇಲಿನ ಸಾಲಿನಲ್ಲಿ ಒಂದು ಪಿನ್ ಪಕ್ಕದ್ದರ ಹೆಗಲ ಮೇಲೆ ತಲೆ ಇಟ್ಟ ಹಾಗೆ ಒರಗಿತ್ತು. ಇದಕ್ಕೆ ನಾನು ಬಳಸುವುದು ಸೀಸ ತೆಗೆದ ಪೆನ್-ಪೆನ್ಸಿಲ್. ಅದರ ತುದಿಯ ಕೊಳವೆಯನ್ನು ಪಿನ್ನಿನ ಮೇಲೆ ಕೂರಿಸಿ, ಉಸಿರು ಬಿಗಿಹಿಡಿದು, ಕೂದಲೆಳೆಯಷ್ಟು ಎತ್ತಬೇಕು. ಒಂದೇ ಸಲ ನೇರ ಮಾಡಲು ಹೋದರೆ ಮುರಿಯುತ್ತದೆ. ಮೂರು ನಾಲ್ಕು ಸಲ ಸ್ವಲ್ಪ ಸ್ವಲ್ಪ ಎತ್ತಿದೆ, ಸರಿಯಾಯಿತು. ಮುರಿದಿದ್ದರೆ ಬೋರ್ಡೇ ಬದಲಿಸಬೇಕಿತ್ತು. ನಿಂತುಹೋದ ಮಾಡೆಲ್ ಆದರೆ ಆ ಬೋರ್ಡ್ ಎಲ್ಲಿಂದ ತರುವುದು? ಇನ್ನೊಂದು ಸತ್ತ ಬಾಡಿಯಿಂದ.

ನಿಜ ಹೇಳಬೇಕೆಂದರೆ ಮಾಡೆಲ್ ನಿಂತ ಮೇಲೆ ಕೆಲವು ವರ್ಷ ಕಂಪನಿ ಪಾರ್ಟ್ಸ್ ಬರುತ್ತದೆ. ಆಮೇಲೆ ನಮಗೆ ಉಳಿಯುವುದು ಸತ್ತ ಬಾಡಿಗಳೇ. ನನ್ನ ಬೀರುವಿನಲ್ಲಿ ಅಂಥವು ಮೂವತ್ತು ಇವೆ. ಒಂದರ ಶಟರ್, ಒಂದರ ಕನ್ನಡಿ, ಒಂದರ ಫ್ಲೆಕ್ಸ್ ಕೇಬಲ್. ಜಾಸ್ತಿ ಮಾರಾಟ ಆದ ಮಾಡೆಲ್ ಆದರೆ ಸತ್ತ ಬಾಡಿಯೂ ಜಾಸ್ತಿ ಸಿಗುತ್ತದೆ. ಅಪರೂಪದ್ದು ಆದರೆ ರಿಪೇರಿಯೇ ಇಲ್ಲ. ಅಪರೂಪದ ಕ್ಯಾಮೆರಾ ಅಂತ ಜಾಸ್ತಿ ದುಡ್ಡು ಕೊಡುವವರು ಇದನ್ನು ಯೋಚಿಸುವುದಿಲ್ಲ.

ನಾನು ಬೆಲೆ ಕಟ್ಟುವಾಗ ಮೊದಲು ಬ್ಯಾಟರಿ ನೋಡುತ್ತೇನೆ. ಈ ವಿಷಯದಲ್ಲಿ ಭದ್ರಾ ಸರ್ ಅದೃಷ್ಟವಂತರು. ಡಿ4ರ ಇಎನ್-ಇಎಲ್18 ಬ್ಯಾಟರಿಯ ಗುಂಪೇ ಡಿ5, ಡಿ6 ದಾಟಿ ಈಗಿನ ಝಡ್9ವರೆಗೂ ಬಂದಿದೆ. ಅದಕ್ಕೂ ಮುಂಚಿನ ಡಿ3 ಇಟ್ಟುಕೊಂಡವರನ್ನು ಕೇಳಿ, ಒಳ್ಳೆ ಒರಿಜಿನಲ್ ಬ್ಯಾಟರಿಗೆ ಎಷ್ಟು ಅಲೆಯುತ್ತಾರೆ ಅಂತ. ಬಾಡಿ ಉಕ್ಕಿನ ಹಾಗಿದೆ, ಒಳಗೆ ಹಾಕಲು ಜೀವ ಇಲ್ಲ.

ಎಕ್ಸ್‌ಕ್ಯೂಡಿ ಕಥೆ ಉಲ್ಟಾ. ಆ ಕಾರ್ಡ್ ಬಳಸಿದ ಮೊದಲ ಕ್ಯಾಮೆರಾವೇ ಡಿ4. ಈಗ ಅದರ ಜಾಗಕ್ಕೆ ಸಿಎಫ್‌ಎಕ್ಸ್‌ಪ್ರೆಸ್ ಬಂದಿದೆ. ಡಿ5, ಡಿ500, ಡಿ850ಕ್ಕೆ 2020ರಲ್ಲಿ ಸಾಫ್ಟ್‌ವೇರ್ ಅಪ್‌ಡೇಟ್ ಕೊಟ್ಟು ಹೊಸ ಕಾರ್ಡ್ ಓದುವ ಹಾಗೆ ಮಾಡಿದರು. ಡಿ4ಕ್ಕೆ ಕೊಡಲಿಲ್ಲ. ಹಾಗಾಗಿ ಒಳ್ಳೆ ಸಿಎಫ್ ಕಾರ್ಡ್ ಸಿಕ್ಕಾಗ ಎರಡು ಎತ್ತಿಡಿ.

ಸಾಧನಕೇರಿ ಹುಡುಗ, ಧಾರವಾಡ

ಮೇಜು ಅಣ್ಣ, ಪೆನ್-ಪೆನ್ಸಿಲ್ ಉಪಾಯ ಬರೆದಿಟ್ಟುಕೊಂಡೆ. ನಿಮ್ಮ ಹತ್ತಿರ ಇನ್ನಷ್ಟು ಕೇಳಬೇಕು.

ನಾನು ಡಿಗ್ರಿ ಎರಡನೇ ವರ್ಷ. ನನ್ನ ಹತ್ತಿರ ಇರುವುದು ನಿಕಾನ್ ಡಿ200. 2005ರ ಮಾಡೆಲ್, 10 ಮೆಗಾಪಿಕ್ಸೆಲ್, ಚಿತ್ರ ಹಿಡಿಯುವ ಚಿಪ್ಪು ಸಿಸಿಡಿ ಅನ್ನುವ ಹಳೇ ಬಗೆಯ ಸೆನ್ಸರ್. 6 ಸಾವಿರಕ್ಕೆ ಸಿಕ್ಕಿತು. ಹೊಸದಿದ್ದಾಗ ಲಕ್ಷದ ಹತ್ತಿರ ಇತ್ತಂತೆ. ಹಗಲು ಬೆಳಕಿನಲ್ಲಿ ಕೆಂಪು, ಹಳದಿ ಏನು ಬರುತ್ತದೆ ಗೊತ್ತಾ! ಮಾರ್ಕೆಟ್ಟಿನಲ್ಲಿ ಒಣಮೆಣಸಿನಕಾಯಿ ರಾಶಿ ತೆಗೆದಿದ್ದೆ, ಕಾಲೇಜಿನ ಗೋಡೆಯ ಮೇಲೆ ಇನ್ನೂ ಇದೆ. ಕಮ್ಮಿ ಬೆಳಕಿಗೆ ಅಂತ ಐಎಸ್‌ಒ ಏರಿಸಿ 800 ದಾಟಿದರೆ ಮಾತ್ರ ಫೋಟೋ ಮೇಲೆ ರವೆ ಚೆಲ್ಲಿದ ಹಾಗೆ ಆಗುತ್ತದೆ.

ನೀವೆಲ್ಲ ಬೆಲೆ ಇಳಿಯಿತು ಅಂತ ಬೇಜಾರು ಮಾಡಿಕೊಳ್ಳುತ್ತೀರಿ. ಇಳಿದಿದ್ದಕ್ಕೇ ಅಲ್ವಾ ನನ್ನಂಥವನ ಕೈಗೆ ಬಂದಿದ್ದು?

ಮೈನ್ ನದಿ ಕನ್ನಡಿಗ, ಫ್ರಾಂಕ್‌ಫರ್ಟ್

ಬೆಲೆ ಎಲ್ಲಿ ನಿಲ್ಲುತ್ತದೆ ಅಂತ ಭದ್ರಾ ಅವರು ಕೇಳಿದ್ದಾರೆ. ಇಳಿಯದೆ ನಿಂತ ಕ್ಯಾಮೆರಾಗಳೂ ಇವೆ. ಏಕೆ ನಿಂತವು ಅಂತ ನೋಡಿದರೆ ಉತ್ತರ ಸಿಗಬಹುದು.

ನಿಮ್ಮದೇ ಮನೆಯಿಂದ ಶುರು ಮಾಡುತ್ತೇನೆ. 2013ರಲ್ಲಿ ನಿಕಾನ್ ಡಿಎಫ್ ಅಂತ ಒಂದು ಬಂತು. ನೋಡಲು ನಿಮ್ಮ ಅಪ್ಪನ ಎಫ್‌ಎಂ2 ಥರ, ಮೇಲೆಲ್ಲ ತಿರುಗಿಸುವ ಗುಂಡಿಗಳು. ಒಳಗೆ ನಿಮ್ಮ ಡಿ4ರದೇ 16 ಮೆಗಾಪಿಕ್ಸೆಲ್ ಸೆನ್ಸರ್. ಅಮೆರಿಕದಲ್ಲಿ ಡಿ4 ಬಂದಾಗ 5,999 ಡಾಲರ್. ಡಿಎಫ್ 2,749 ಡಾಲರ್, ಅರ್ಧಕ್ಕಿಂತ ಕಮ್ಮಿ. ಈಗ ಹಳೇ ಮಾಲಿನ ಅಂಗಡಿಗಳಲ್ಲಿ ನೋಡಿ. ಡಿಎಫ್ ಡಿ4ಕ್ಕಿಂತ ದುಬಾರಿ! ಡಿ4ರ ವೇಗ ಇಲ್ಲ, ಡಿ4ರಂಥ ಫೋಕಸ್ ಇಲ್ಲ, ವಿಡಿಯೋನೇ ಇಲ್ಲ. ಆದರೂ ಬೆಲೆ ನಿಂತಿದೆ.

ನನಗೆ ಅನಿಸುವುದು ಹೀಗೆ. ಡಿ4ರ ಬೆಲೆ ಇದ್ದದ್ದು ವೇಗಕ್ಕೆ. ವೇಗವನ್ನು ಮುಂದಿನ ಮಾಡೆಲ್ ಹಿಂದೆ ಹಾಕುತ್ತದೆ, ಅದರ ಮುಂದಿನದು ಅದನ್ನೂ ಹಿಂದೆ ಹಾಕುತ್ತದೆ. ಡಿಎಫ್ ಬೆಲೆ ಇದ್ದದ್ದು ಅದನ್ನು ಹಿಡಿದು ಬಳಸುವ ರೀತಿಗೆ. ಆ ರೀತಿಯದನ್ನು ಮತ್ತೆ ಯಾರೂ ಹಾಗೇ ಮಾಡದಿದ್ದರೆ ಬೆಲೆ ನಿಲ್ಲುತ್ತದೆ. 2004ರ ಎಪ್ಸನ್ ಆರ್-ಡಿ1ಕ್ಕೂ ಇದೇ ಮಾತು. ಬರೀ 6 ಮೆಗಾಪಿಕ್ಸೆಲ್. ಡಿಜಿಟಲ್ ಆದರೂ ಪ್ರತಿ ಫೋಟೋಗೆ ಹೆಬ್ಬೆರಳಲ್ಲಿ ಲಿವರ್ ಎಳೆಯಬೇಕು. ಇವತ್ತಿಗೂ ಹುಡುಕಿ ತಗೊಳ್ಳುತ್ತಾರೆ.

ಹೆಸರು, ಅಲಂಕಾರ ಮಾತ್ರ ಇದ್ದರೆ ಸಾಲದು. 2012ರಲ್ಲಿ ಹ್ಯಾಸಲ್‌ಬ್ಲಾಡ್ ಲೂನಾರ್ ಅಂತ ತಂದರು, ಸುಮಾರು 5,000 ಯೂರೋ. ಮರದ ಹಿಡಿಕೆ, ಚರ್ಮದ ಹೊದಿಕೆ. ಒಳಗೆ ಇದ್ದದ್ದು ಸೋನಿಯ ನೆಕ್ಸ್-7. ಜನ ಒಪ್ಪಲಿಲ್ಲ. ಸಿಗ್ಮಾ ಎಸ್‌ಡಿ1 ಇನ್ನೊಂದು ಥರ. 2011ರಲ್ಲಿ ಪಟ್ಟಿ ಬೆಲೆ 9,700 ಡಾಲರ್. ಮುಂದಿನ ವರ್ಷದ ಫೆಬ್ರವರಿಯಲ್ಲಿ ಅದೇ ಕ್ಯಾಮೆರಾಗೆ ಹೊಸ ಹೆಸರಿಟ್ಟು ಮೂರನೇ ಒಂದು ಭಾಗದ ಬೆಲೆಗೆ ಮಾರಿದರು. ಮೊದಲು ತಗೊಂಡವರಿಗೆ ಕಂಪನಿಯ ಬೇರೆ ಸಾಮಾನು ಕೊಳ್ಳಲು ಪಾಯಿಂಟ್ ಕೊಟ್ಟರು. ಮಾಡೆಲ್ ನಿಲ್ಲುವ ತನಕ ಕಾಯುವುದೂ ಬೇಕಾಗಲಿಲ್ಲ.

ಇನ್ನು ಜರ್ಮನಿಯ ಲೈಕಾ ಕಂಪನಿ. ನಾನು ಇರುವ ಊರಿನಿಂದ ಅವರ ಊರು ವೆಟ್ಸ್‌ಲರ್ ರೈಲಿನಲ್ಲಿ ಒಂದು ಗಂಟೆ ದಾರಿ. ಲೈಕಾ ಎಂದರೆ ಬೆಲೆ ಇಳಿಯುವುದಿಲ್ಲ ಅಂತ ಎಲ್ಲರೂ ಹೇಳುತ್ತಾರೆ. ರೀಲಿನ ಲೈಕಾಕ್ಕೆ ಅದು ನಿಜ. ಡಿಜಿಟಲ್‌ಗೆ ಪೂರ್ತಿ ನಿಜ ಅಲ್ಲ. ಅವರ ಡಿಜಿಟಲ್ ಕ್ಯಾಮೆರಾ ಎಂ9 ಬಂದದ್ದು 9-9-2009ರಂದು. 18 ಮೆಗಾಪಿಕ್ಸೆಲ್, ಕೊಡ್ಯಾಕ್ ಮಾಡಿದ ಸಿಸಿಡಿ, ಸುಮಾರು 7,000 ಡಾಲರ್. ಬಣ್ಣ ಚೆನ್ನ ಅಂತ ಇವತ್ತಿಗೂ ಪ್ರಾಣ ಬಿಡುವವರು ಇದ್ದಾರೆ. ಕೆಲವು ವರ್ಷ ಆದ ಮೇಲೆ ಸೆನ್ಸರಿನ ಮೇಲಿನ ಗಾಜು ತೇವಕ್ಕೆ ಕೆಡಲು ಶುರುವಾಯಿತು. ಲೆನ್ಸಿನ ಬೆಳಕಿನ ಕಿಂಡಿ ಸಣ್ಣ ಮಾಡಿ, ಆಕಾಶದ ಫೋಟೋ ತೆಗೆದು ನೋಡಿದರೆ ಎಣ್ಣೆ ಹನಿ ಬಿದ್ದ ಹಾಗೆ ಚುಕ್ಕಿಗಳು. 2014ರಲ್ಲಿ ಕಂಪನಿಯೇ ಒಪ್ಪಿಕೊಂಡಿತು. ಮೊದಲು ಉಚಿತವಾಗಿ ಸೆನ್ಸರ್ ಬದಲಿಸಿ ಕೊಟ್ಟರು. ಆಮೇಲೆ ಬೇರೆ ಗಾಜಿನ ಸೆನ್ಸರ್ ಬಂತು. ಮುಂದೆ ಹಳೇ ಕ್ಯಾಮೆರಾಗಳಿಗೆ ದುಡ್ಡು ಕೇಳಿದರು. 2020ರಲ್ಲಿ ಬದಲಿ ಸೆನ್ಸರ್ ದಾಸ್ತಾನೇ ಮುಗಿಯಿತು.

ಈಗ ಎಂ9 ಮಾರಾಟಕ್ಕೆ ಬಂದರೆ ಮೊದಲ ಪ್ರಶ್ನೆ ಒಂದೇ: ಸೆನ್ಸರ್ ಬದಲಾಗಿದೆಯಾ, ಕಾಗದ ಇದೆಯಾ? ಕಾಗದ ಇದ್ದರೆ ಒಂದು ಬೆಲೆ, ಇಲ್ಲದಿದ್ದರೆ ಬೇರೆಯೇ ಬೆಲೆ. ನನ್ನದು ಬದಲಾಗಿದ್ದ ಮೇಲೆ ತಗೊಂಡದ್ದು. ಆ ಸರ್ವಿಸ್ ಕಾಗದವನ್ನು ಪಾಸ್‌ಪೋರ್ಟ್ ಜೊತೆ ಇಟ್ಟಿದ್ದೇನೆ.

ಸ್ಟುಡಿಯೋ ಮೂಲೆ, ಹಾಸನ

ಫ್ರಾಂಕ್‌ಫರ್ಟ್ ಸರ್, ಚೆನ್ನಾಗಿ ಬರೆದಿದ್ದೀರಿ. ಆದರೆ ಒಂದು ಒಪ್ಪಲ್ಲ. ಬೆಲೆ ನಿಲ್ಲುತ್ತದೆ ಅಂತ ಕ್ಯಾಮೆರಾ ತಗೊಳ್ಳುವುದು ಸರಿ ಅಲ್ಲ. ನನ್ನ ಪರಿಚಯದ ಒಬ್ಬರು ಹಾಗೇ ಮಾಡಿದರು. 2022, 23ರಲ್ಲಿ ಫ್ಯೂಜಿ ಎಕ್ಸ್100ವಿ ಎಲ್ಲೂ ಸಿಗುತ್ತಿರಲಿಲ್ಲ. ಸೋಶಿಯಲ್ ಮೀಡಿಯಾದಲ್ಲಿ ಹುಡುಗರು ಹೊಗಳಿ ಹೊಗಳಿ, ಸೆಕೆಂಡ್‌ಹ್ಯಾಂಡ್ ಬೆಲೆಯೇ ಹೊಸದರ ಬೆಲೆಗಿಂತ ಮೇಲೆ ಹೋಯಿತು. ಇವರು ಮೇಲಿನ ಬೆಲೆ ಕೊಟ್ಟು ತಗೊಂಡು ಪ್ಯಾಕ್ ಬಿಚ್ಚದೆ ಇಟ್ಟರು. 2024ರ ಫೆಬ್ರವರಿಯಲ್ಲಿ ಎಕ್ಸ್100-6 ಬಂತು. ಕಥೆ ಮುಗಿಯಿತು. ಒಂದು ಫೋಟೋ ಕೂಡ ತೆಗೆಯಲಿಲ್ಲ ಅವರು, ಅದೇ ನನಗೆ ಹೊಟ್ಟೆ ಉರಿಸಿದ್ದು.

ಚಿನ್ನ ಇಟ್ಟರೆ ಚಿನ್ನವಾಗಿಯೇ ಇರುತ್ತದೆ. ಕ್ಯಾಮೆರಾ ಇಟ್ಟರೆ ಬ್ಯಾಟರಿ ಊದಿಕೊಳ್ಳುತ್ತದೆ.

ಕಪ್ಪೆಚಿಪ್ಪು, ಉಡುಪಿ

ಬೂಸ್ಟೂ ಹಿಡಿಯುತ್ತದೆ ಅಣ್ಣ.

ಭದ್ರಾ ತೀರ, ಶಿವಮೊಗ್ಗ

ಎಲ್ಲರಿಗೂ ತುಂಬಾ ಧನ್ಯವಾದ. ಅಂಗಡಿಯಿಂದ ಬಂದ ದಿನ ಮನಸ್ಸು ಭಾರ ಆಗಿತ್ತು. ಈಗ ಹಗುರ ಆಯಿತು.

ಒಂದು ವಿಷಯ ಮಾತ್ರ ತಲೆಯಿಂದ ಹೋಗುತ್ತಿಲ್ಲ. ಅಪ್ಪನ ಎಫ್‌ಎಂ2 ಹೇಗೆ ಇಷ್ಟು ವರ್ಷ ಬಂತು? ಅದಕ್ಕೇನು ರಿಪೇರಿ ಬರಲಿಲ್ಲವಾ? ಡಿಜಿಟಲ್ ಯಾಕೆ ಹಾಗೆ ಬರುವುದಿಲ್ಲ?

ರಿಪೇರಿ ಮೇಜು, ಬೆಂಗಳೂರು

ಎಫ್‌ಎಂ2ರ ಶಟರ್ ಪೂರ್ತಿ ಸ್ಪ್ರಿಂಗು, ಗೇರು. ಬ್ಯಾಟರಿ ಬೇಕಾಗುವುದು ಬೆಳಕು ಅಳೆಯಲು ಮಾತ್ರ. ಸೆಲ್ ಇಲ್ಲದಿದ್ದರೂ ಎಲ್ಲ ಸ್ಪೀಡಲ್ಲೂ ಫೋಟೋ ಬರುತ್ತದೆ. ಒಳಗೆ ಬೆಳಕು ನುಗ್ಗದ ಹಾಗೆ ತಡೆಯುವ ಸ್ಪಂಜು ಪುಡಿ ಆಗುತ್ತದೆ, ಎಣ್ಣೆ ಒಣಗುತ್ತದೆ. ಅದನ್ನು ಯಾರು ಬೇಕಾದರೂ ಬದಲಿಸಬಹುದು. ಕಂಪನಿಯನ್ನು ಕೇಳಬೇಕಾಗಿಲ್ಲ.

ಅದಕ್ಕಿಂತ ದೊಡ್ಡದು ಇನ್ನೊಂದಿದೆ. ಎಫ್‌ಎಂ2ರಲ್ಲಿ ಚಿತ್ರ ಹಿಡಿಯುವುದು ಕ್ಯಾಮೆರಾ ಅಲ್ಲ, ರೀಲು. 36 ಫೋಟೋಗೆ ಒಂದು ಸಲ ನಿಮ್ಮಪ್ಪ ಹೊಸ ಸೆನ್ಸರ್ ಹಾಕುತ್ತಿದ್ದರು ಅಂದುಕೊಳ್ಳಿ. ರೀಲು ಮಾಡುವ ಕಂಪನಿ ಹೊಸ ರೀಲು ತಂದರೆ ಹಳೇ ಕ್ಯಾಮೆರಾನೂ ಹೊಸದಾಗುತ್ತಿತ್ತು. ಡಿಜಿಟಲ್‌ನಲ್ಲಿ ರೀಲನ್ನು ಒಳಗೇ ಇಟ್ಟು ಬೆಸುಗೆ ಹಾಕಿಬಿಟ್ಟರು. ಸೆನ್ಸರಿಗೆ ವಯಸ್ಸಾದರೆ ಬಾಡಿಗೂ ವಯಸ್ಸಾಯಿತು.

1991ರ ಕೊಡ್ಯಾಕ್ ಡಿಸಿಎಸ್ ಬಗ್ಗೆ ಕೇಳಿರಬಹುದು. ನಿಕಾನ್ ಎಫ್3 ಬಾಡಿಯ ಹಿಂದೆ 1.3 ಮೆಗಾಪಿಕ್ಸೆಲ್ ಸೆನ್ಸರ್. ಹಾರ್ಡ್ ಡಿಸ್ಕ್ ಬೇರೆ, ಅದನ್ನು ಹೆಗಲಿಗೆ ನೇತು ಹಾಕಿಕೊಳ್ಳಬೇಕು. ಬೆಲೆ 20 ಸಾವಿರ ಡಾಲರ್ ಆಸುಪಾಸು. ಇವತ್ತು ಅದರ ಡಿಜಿಟಲ್ ಭಾಗ ಗಾಜಿನ ಕಪಾಟಿನಲ್ಲಿ ಇಡುವ ವಸ್ತು. ಎಫ್3 ಮಾತ್ರ ರೀಲು ಹಾಕಿದರೆ ಇನ್ನೂ ಕೆಲಸ ಮಾಡುತ್ತದೆ. ಒಂದೇ ಕ್ಯಾಮೆರಾದ ಎರಡು ಅರ್ಧ. ನನಗೆ ಇದು ಯಾವಾಗಲೂ ಕಾಡುವ ವಿಷಯ.

ಒಂದು ದಿನ ಎರಡನ್ನೂ ತಗೊಂಡು ಬನ್ನಿ. ಡಿ4 ರಬ್ಬರು ಹಾಕೋಣ. ಅಪ್ಪನ ಕ್ಯಾಮೆರಾನೂ ನೋಡೋಣ.

ಸಾಧನಕೇರಿ ಹುಡುಗ, ಧಾರವಾಡ

ಮೇಜು ಅಣ್ಣ, ಸೆನ್ಸರಿಗೆ ವಯಸ್ಸಾಗುತ್ತದೆ ಅಂದರೆ ಏನು? ನನ್ನ ಡಿ200 ಬಣ್ಣ ಕೆಡುತ್ತಾ?

ರಿಪೇರಿ ಮೇಜು, ಬೆಂಗಳೂರು

ಕೆಡಲ್ಲ ತಮ್ಮಾ, ಹೆದರಬೇಡ. ಎಲ್ಲೋ ಒಂದೊಂದು ಪಿಕ್ಸೆಲ್ ಉರಿದ ಹಾಗೆ ಬಿಳಿ ಚುಕ್ಕಿ ಆಗಬಹುದು, ಅಷ್ಟೇ. ವಯಸ್ಸು ಅಂದದ್ದು ಹೊಸತರ ಪಕ್ಕ ಇಟ್ಟಾಗ. ಹೊಸ ಸೆನ್ಸರ್ ಕತ್ತಲೆಯಲ್ಲಿ ನೋಡುವುದನ್ನು ನಿನ್ನದು ನೋಡಲ್ಲ. ಒಣಮೆಣಸಿನಕಾಯಿ ಮೊದಲು ಹೇಗೆ ಕಂಡಿತ್ತೋ ಹಾಗೇ ಕಾಣುತ್ತದೆ.

ಡಿ200ನಲ್ಲೂ ಇರುವುದು ಸಿಎಫ್ ಜಾಗವೇ. ಕಾರ್ಡನ್ನು ನೇರವಾಗಿ ತಳ್ಳು. ಅದೇ ನಿನಗೆ ಮುಖ್ಯ.

ಮೈನ್ ನದಿ ಕನ್ನಡಿಗ, ಫ್ರಾಂಕ್‌ಫರ್ಟ್

ಲೆನ್ಸ್ ಬಗ್ಗೆ ಯಾರೂ ಹೇಳಲಿಲ್ಲ. ದುಡ್ಡು ಉಳಿಯಬೇಕು ಅಂದರೆ ಅಲ್ಲಿ ಹಾಕಿ. ಲೆನ್ಸು ಬಾಡಿಗೆ ಕೂರುವ ಜಾಗಕ್ಕೆ ಮೌಂಟ್ ಅನ್ನುತ್ತಾರೆ. ನಿಕಾನ್ ಎಫ್ ಮೌಂಟ್ ಬಂದದ್ದು 1959ರಲ್ಲಿ, ಕ್ಯಾನನ್ ಇಎಫ್ 1987ರಲ್ಲಿ. 2018ರಲ್ಲಿ ಎರಡೂ ಕಂಪನಿ ಹೊಸ ಮೌಂಟ್ ತಂದರೂ ಅಡಾಪ್ಟರ್ ಹಾಕಿ ಹಳೇ ಲೆನ್ಸ್ ಬಳಸಬಹುದು. ಕ್ಯಾನನ್ ಇಎಫ್ ಲೆನ್ಸುಗಳು ಹೊಸ ಬಾಡಿಯಲ್ಲಿ ಚೆನ್ನಾಗಿ ಓಡುತ್ತವೆ.

ನಿಕಾನ್‌ನಲ್ಲಿ ಒಂದು ಎಚ್ಚರ. ಎಎಫ್-ಡಿ ಅನ್ನುವ ಹಳೇ ಬಗೆಯ ಲೆನ್ಸುಗಳನ್ನು ಫೋಕಸ್‌ಗೆ ತಿರುಗಿಸುವ ಮೋಟಾರು ಬಾಡಿಯ ಒಳಗೆ ಇರುತ್ತದೆ. ಕಂಪನಿಯ ಎಫ್‌ಟಿಝಡ್ ಅಡಾಪ್ಟರಿನಲ್ಲಿ ಆ ಮೋಟಾರು ಇಲ್ಲ. ಫೋಕಸ್ ಕೈಯಲ್ಲೇ ಮಾಡಬೇಕು. ಮನೆ ತುಂಬ ಎಎಫ್-ಡಿ ಲೆನ್ಸ್ ಇಟ್ಟುಕೊಂಡವರಿಗೆ ಮೋಟಾರು ಇರುವ ಡಿ4, ಡಿ700 ಥರದ ಬಾಡಿ ಬೇಕೇ ಬೇಕು. ಅಂಗಡಿಯವರು 38 ಸಾವಿರ ಹೇಳುವಾಗ ಇದನ್ನು ಲೆಕ್ಕಕ್ಕೆ ತಗೊಂಡಿರುವುದಿಲ್ಲ.

ಭದ್ರಾ ತೀರ, ಶಿವಮೊಗ್ಗ

ಮೂರು ವಾರದ ಮೇಲೆ ಬರೆಯುತ್ತಿದ್ದೇನೆ. ಕೊಡಲಿಲ್ಲ.

ಮೊನ್ನೆ ಅಪ್ಪನನ್ನೂ ಕರೆದುಕೊಂಡು ಬೆಂಗಳೂರಿಗೆ ಹೋಗಿದ್ದೆ. ಮೇಜು ಸರ್ ನಮ್ಮ ಎದುರೇ ರಬ್ಬರು ಕಿತ್ತರು. ಅಡಿಯಲ್ಲಿ ಇಷ್ಟು ವರ್ಷದ ಕೊಳೆ, ಕಪ್ಪು ಅಂಟು. ಬಡ್ಸ್ ಅದ್ದಿ ಅದ್ದಿ ಒರೆಸಿದರು. ಹೊಸ ರಬ್ಬರು ಕೂರಿಸಿ ಹೆಬ್ಬೆರಳಲ್ಲಿ ಅಂಚು ಒತ್ತಿ ಕೊಟ್ಟರು. ಸಿಎಫ್ ಪಿನ್ ನೋಡಿದರು, ಐವತ್ತೂ ನೇರ ಇವೆ. ಸೆನ್ಸರ್ ಒರೆಸಿದರು. ಎಲ್ಲ ಸೇರಿ 2,800 ರೂಪಾಯಿ.

ಅಪ್ಪನ ಎಫ್‌ಎಂ2ರ ಹಿಂಬಾಗಿಲ ಸ್ಪಂಜು ಮುಟ್ಟಿದರೆ ಕೈಗೆ ಮೆತ್ತುತ್ತಿತ್ತು. ಅದನ್ನೂ ಬದಲಿಸಿದರು. ಅದು ಒಣಗುತ್ತಿರುವಾಗ ಅಪ್ಪ ಸುಮ್ನೆ ಕೂರಲಿಲ್ಲ. ತಮ್ಮ ಹಳೇ 105 ಎಂಎಂ ಲೆನ್ಸನ್ನು ತೆಗೆದು, "ಇದು ಅದಕ್ಕೆ ಕೂರುತ್ತಾ?" ಅಂತ ಕೇಳಿದರು. ಇಷ್ಟು ವರ್ಷ ನನಗೆ ಅದು ಹೊಳೆದೇ ಇರಲಿಲ್ಲ. ಟಕ್ ಅಂತ ಕೂತಿತು. ಮೇಜು ಸರ್ ಮೆನುವಿನಲ್ಲಿ ಲೆನ್ಸಿನ ಅಳತೆ ಹಾಕಿಕೊಟ್ಟರು, ಬೆಳಕೂ ಸರಿಯಾಗಿ ಅಳೆಯುತ್ತದೆ. ಫೋಕಸ್ ಕೈಯಲ್ಲಿ. ಅಪ್ಪನಿಗೆ ಅದೇ ಅಭ್ಯಾಸ. ಕಿಟಕಿ ಬೆಳಕಲ್ಲಿ ಸ್ಕ್ರೂಡ್ರೈವರ್ ಹಿಡಿದ ಮೇಜು ಸರ್ ಕೈಯನ್ನು ಒಂದು ಫೋಟೋ ತೆಗೆದರು. ಉಗುರಿನ ಗೆರೆ ಕೂಡ ಎಣಿಸಬಹುದು.

ಈಗ ಡಿ4 ಹಗಲು ಹೊತ್ತು ನನಗೆ ಸಿಗುತ್ತಿಲ್ಲ. ತೋಟಕ್ಕೆ ಹೋಗುವಾಗ ಅಪ್ಪ ಕೊರಳಿಗೆ ಹಾಕಿಕೊಂಡು ಹೋಗುತ್ತಾರೆ.

ಸಿಎಫ್ ಕಾರ್ಡ್ ಎರಡು ತಗೊಂಡೆ. ಯಾರ ಹತ್ತಿರವಾದರೂ ಬಳಸದೆ ಬಿದ್ದಿರುವ ಎಕ್ಸ್‌ಕ್ಯೂಡಿ ಕಾರ್ಡ್ ಇದ್ದರೆ ಹೇಳಿ, 32 ಜಿಬಿ ಆದರೂ ಸಾಕು. ಓದುವ ರೀಡರ್ ನನ್ನ ಹತ್ತಿರ ಇದೆ.

ಕಪ್ಪೆಚಿಪ್ಪು, ಉಡುಪಿ

ನನ್ನ ಹತ್ತಿರ ಒಂದು 32 ಜಿಬಿ ಇದೆ ಭದ್ರಾ ಅಣ್ಣ. ಡಬ್ಬಿಯಲ್ಲಿ ಸಿಲಿಕಾ ಜೊತೆಗೇ ಇಟ್ಟಿದ್ದೇನೆ. ಅಪ್ಪನಿಗೆ ಕಳಿಸುತ್ತೇನೆ.